ಬಸ್ಸು ಹತ್ತಿ ಹೋಗುವವನು, ಊರಲ್ಲೇ ಉಳಿಯುವವನು

ಶನಿವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು, ದಾಬಸ್‌ಪೇಟೆಯಲ್ಲಿ ಹೆದ್ದಾರಿಯಿಂದ ಬಲಕ್ಕೆ ತಿರುಗಿ, ಕೊರಟಗೆರೆ ದಾಟಿ ಮಧುಗಿರಿ ಬೆಟ್ಟ ಹತ್ತಲು ಬರುವ ಹುಡುಗರ ಗುಂಪುಗಳಲ್ಲಿ ಗೇ ಹುಡುಗರೂ ಇರುತ್ತಾರೆ. ನಾನೂ ಹಾಗೆ ಬಂದವನೇ. ಮಲೆನಾಡಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸಕ್ಕೆ ನಿಂತ ನನಗೆ ಬಯಲುಸೀಮೆಯ ಕೋಟೆಗಳ ಹುಚ್ಚು. ಮಧುಗಿರಿ, ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡ, ನಿಡುಗಲ್ ಒಂದೊಂದನ್ನೂ ಹತ್ತಿದ್ದಾಯಿತು. ಬೆಟ್ಟಕ್ಕಾಗಿ ಶುರುವಾದ ಓಡಾಟ ಬರಬರುತ್ತಾ ಜನರಿಗಾಗಿ ನಡೆಯತೊಡಗಿತು. ಈಗ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಲ್ಲಿ ‘ಮತ್ಯಾವಾಗ ಬರ್ತೀರಾ’ ಎಂದು ಕೇಳುವವರಿದ್ದಾರೆ. ನಾನು ಗೇ ಎನ್ನುವುದು ಕೆಲವರಿಗೆ ಗೊತ್ತು, ಕೆಲವರಿಗೆ ಗೊತ್ತಿಲ್ಲ, ಇನ್ನು ಕೆಲವರು ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದಾರೆ. ಮೂರು ಬಗೆಯವರೊಂದಿಗೂ ಗೆಳೆತನ ಬೆಳೆದಿದೆ. ಅದು ಹೇಗೆ ಬೆಳೆಯಿತು ಎನ್ನುವುದನ್ನು ನನ್ನಂತೆಯೇ ತಿರುಗಾಡುವ ಹುಡುಗರಿಗೆ ಹೇಳಬೇಕೆನಿಸಿದೆ.

ಬೆಂಗಳೂರಿನ ನಮ್ಮ ಬಳಗದಲ್ಲಿ ರಜೆಯ ಮಾತೆತ್ತಿದರೆ ಮೊದಲು ಬರುವ ಹೆಸರು ಥಾಯ್ಲೆಂಡ್. ನಾನೂ ಹೋಗಿಬಂದಿದ್ದೇನೆ. ಬ್ಯಾಂಕಾಕಿನ ಸಿಲೋಮ್ ಗಲ್ಲಿಗಳಲ್ಲಿ ಇಬ್ಬರು ಗಂಡಸರು ಕೈ ಹಿಡಿದು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. 2025ರ ಜನವರಿ 23ರಿಂದ ಆ ದೇಶದಲ್ಲಿ ಸಲಿಂಗಿಗಳ ಮದುವೆಗೂ ಕಾನೂನಿನ ಮಾನ್ಯತೆ ಇದೆ. ಆಗ್ನೇಯ ಏಷ್ಯಾದಲ್ಲಿ ಅದೇ ಮೊದಲು. ಅಷ್ಟೆಲ್ಲ ಸಲೀಸು ಇದ್ದರೂ ಅಲ್ಲಿ ನನಗೆ ಸಿಕ್ಕಿದ್ದು ಜೊತೆ, ಗೆಳೆತನವಲ್ಲ. ಬಾರಿನಲ್ಲಿ ನಗುತ್ತಾ ಮಾತಾಡಿಸುವ ಹುಡುಗನಿಗೆ ನಗುವುದೂ ಕೆಲಸದ ಒಂದು ಭಾಗ. ಅಂಥ ಹುಡುಗರಲ್ಲಿ ಬಹಳ ಮಂದಿ ಈಶಾನ್ಯದ ಈಸಾನ್ ಸೀಮೆಯವರು. ಮಳೆ ನೆಚ್ಚಿಕೊಂಡ ಒಣ ನೆಲ, ಊರಲ್ಲಿ ಅಪ್ಪ ಅಮ್ಮ, ತಿಂಗಳಿಗೊಮ್ಮೆ ದುಡ್ಡು ಕಳಿಸುವ ಮಗ. ಪಾವಗಡದ ಮನೆಗಳ ಕಥೆಯೂ ಇದೇ ಅಲ್ಲವೇ ಅನಿಸಿತ್ತು. ನಾನು ವಿಮಾನ ಹತ್ತುವ ಗಿರಾಕಿ, ಅವನು ನಾಳೆ ಬೇರೆ ಗಿರಾಕಿಯನ್ನು ನೋಡಬೇಕಾದವನು.

ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ನಿನ ಹಲ್ಲು ಕಿತ್ತಿತು. ಒಪ್ಪಿಕೊಂಡ ಇಬ್ಬರು ವಯಸ್ಕರ ಸಂಬಂಧ ಅಂದಿನಿಂದ ಅಪರಾಧವಲ್ಲ. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅದೇ ಕೋರ್ಟ್ ಮಾನ್ಯ ಮಾಡಲಿಲ್ಲ. ಕಾನೂನು ಭಯವನ್ನು ಕಡಿಮೆ ಮಾಡಬಹುದು, ಗೆಳೆಯರನ್ನು ತಂದುಕೊಡಲಾರದು. ಅದು ಬ್ಯಾಂಕಾಕಿಗೂ ನಿಜ, ಮಧುಗಿರಿಗೂ ನಿಜ.

ಗಿರಾಕಿಗಿರಿ ಮುಗಿಯುವ ಹೊತ್ತು

ಮಧುಗಿರಿಯಲ್ಲಿ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲಿದೆ. ಇಡ್ಲಿ, ಚಿತ್ರಾನ್ನ, ಕಡ್ಲೆಕಾಯಿ ಚಟ್ನಿ, ಟೀ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾದ ಇದನ್ನು ಹತ್ತಲು ಬರುವವರೆಲ್ಲ ಅಲ್ಲಿ ತಿಂದು, ಬಾಟಲಿಗೆ ನೀರು ತುಂಬಿಸಿಕೊಂಡು, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಹೋಟೆಲಿನ ಅಣ್ಣನಿಗೆ ಇವರ ಮುಖಗಳು ನೆನಪಿರುವುದಿಲ್ಲ, ನೆನಪಿಡುವ ಅಗತ್ಯವೂ ಇಲ್ಲ.

ನನ್ನ ಮುಖ ಅವರಿಗೆ ನೆನಪಾಗಿದ್ದು ನಾನು ಬೆಟ್ಟ ಹತ್ತದ ಒಂದು ದಿನ. ಮಳೆಗೆ ಬಂಡೆ ಜಾರುತ್ತಿತ್ತು. ಕೊನೆಯ ಏರಿನಲ್ಲಿ ಕಂಬಿ ಹಿಡಿದರೂ ಕಾಲು ನಿಲ್ಲುವುದಿಲ್ಲವೆಂದು ಅವರೇ ತಡೆದರು. ಮಧ್ಯಾಹ್ನದವರೆಗೆ ಅಲ್ಲೇ ಕೂತೆ. ಗಿರಾಕಿಗಳು ಹೆಚ್ಚಾದಾಗ ಎದ್ದು ನಾಲ್ಕು ಟೇಬಲಿಗೆ ನೀರಿಟ್ಟೆ. ಲೋಟ ಇಡುವಾಗ ಬೆರಳು ಒಳಗೆ ಹಾಕಬೇಡಿ ಎಂದು ಅವರ ಹೆಂಡತಿ ಬೈದರು. ಆ ಬೈಗುಳ ಕೇಳಿ ನನಗೆ ಖುಷಿಯಾಯಿತು, ಗಿರಾಕಿಯನ್ನು ಯಾರೂ ಬೈಯುವುದಿಲ್ಲವಲ್ಲ. ಮುಂದಿನ ಸಲ ಹೋಗುವ ಮುಂಚೆ ಅಣ್ಣನೇ ಫೋನ್ ಮಾಡಿ, ಚಿಕ್ಕಪೇಟೆಯಿಂದ ಇಂಥ ಅಳತೆಯ ಸ್ಟೀಲ್ ಡಬರಿ ತನ್ನಿ ಎಂದರು. ತಂದೆ. ದುಡ್ಡು ಎಣಿಸಿ ಕೊಟ್ಟರು, ನಾನು ಎಣಿಸಿ ತೆಗೆದುಕೊಂಡೆ. ‘ಇರಲಿ ಬಿಡಿ ಅಣ್ಣ’ ಎಂದು ದೊಡ್ಡಸ್ತಿಕೆ ತೋರಿಸಿದ್ದರೆ ಅವರು ಇನ್ನೊಂದು ಕೆಲಸ ಹೇಳುತ್ತಿರಲಿಲ್ಲ. ದುಡ್ಡಿರುವ ಪ್ರವಾಸಿ ಇಂಥಲ್ಲಿ ಕೈ ಹಿಡಿತದಲ್ಲಿಡಬೇಕು. ಕೊಟ್ಟು ಕೊಟ್ಟು ದಾನಿಯಾಗಬಹುದು, ಗೆಳೆಯನಾಗುವುದು ಕಷ್ಟ.

ಇದಾಗಿ ಎಷ್ಟೋ ಕಾಲದ ಮೇಲೆ ಒಂದು ಸಂಜೆ ಅಣ್ಣ ನೇರವಾಗಿ ಕೇಳಿದರು: ‘ನಮ್ಮ ಕಡೆ ಒಂದು ಒಳ್ಳೇ ಹೆಣ್ಣಿದೆ, ನೋಡ್ತೀರಾ?’ ಸುತ್ತ ಯಾರೂ ಇರಲಿಲ್ಲ. ‘ಅಣ್ಣಾ, ನನಗೆ ಹೆಂಗಸರ ಕಡೆ ಮನಸ್ಸಿಲ್ಲ, ಗಂಡಸರ ಕಡೆ. ಒಬ್ಬ ಹುಡುಗಿಯ ಬಾಳು ಯಾಕೆ ಕೆಡಿಸಲಿ’ ಎಂದೆ. ಅವರು ಒಲೆಯ ಗ್ಯಾಸ್ ಸಣ್ಣ ಮಾಡಿ, ಪಾತ್ರೆ ಇಳಿಸಿ, ‘ಅದೂ ಸರಿ’ ಎಂದರು. ಇನ್ನೇನೂ ಹೇಳಲಿಲ್ಲ. ಆ ತಿಂಗಳ ಕೊನೆಗೆ ಫೋನ್ ಬಂತು. ಮಗಳಿಗೆ ಬೆಂಗಳೂರಿನಲ್ಲಿ ಕಾಲೇಜು ಸಿಕ್ಕಿದೆ, ಒಳ್ಳೇ ಪಿಜಿ ನೋಡಿಕೊಡಿ, ನಿಮಗೆ ಹತ್ತಿರವಿದ್ದರೆ ನಮಗೂ ಧೈರ್ಯ ಎಂದರು. ನನ್ನ ಮಾತು ಅವರಿಗೆ ಎಷ್ಟು ಅರ್ಥವಾಗಿತ್ತು, ಅದನ್ನು ಎಲ್ಲಿಟ್ಟುಕೊಂಡರು ಎಂದು ನಾನು ಬೇರೆ ಕೇಳಬೇಕಾಗಲಿಲ್ಲ.

‘ಮದ್ವೆ ಆಯ್ತಾ?’

ನಗರದ ಹುಡುಗರು ಇಲ್ಲಿ ಹೆಚ್ಚು ಹೆದರುವುದು ಈ ಪ್ರಶ್ನೆಗೆ. ಯಾವೂರು, ಯಾರ ಪೈಕಿ, ಏನು ಕೆಲಸ, ಮದ್ವೆ ಆಯ್ತಾ ಎಂದು ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಬೇಜಾರಾಗಿ ಮೊಬೈಲಿನೊಳಗೆ ಮುಖ ಹುದುಗಿಸುವವರನ್ನು, ಇಲ್ಲದ ಹೆಂಡತಿಯನ್ನು ಹುಟ್ಟಿಸಿಕೊಳ್ಳುವವರನ್ನು ನೋಡಿದ್ದೇನೆ. ಇಲ್ಲದ ಹೆಂಡತಿ ಬಹಳ ಕಾಟ ಕೊಡುತ್ತಾಳೆ. ಎರಡನೇ ಸಲ ಬಂದಾಗ ಅವಳ ಊರು, ಮಕ್ಕಳು, ಬಾಣಂತನ ಎಲ್ಲಕ್ಕೂ ಉತ್ತರ ಬೇಕು.

ಕೊರಟಗೆರೆಯ ಸಿದ್ದರಬೆಟ್ಟದ ಕೆಳಗೆ ಮಜ್ಜಿಗೆ ಮಾರುವ ಅಜ್ಜಿಗೆ ನಾನು ಕೊಡುವ ಉತ್ತರ ‘ಆಗಿಲ್ಲಜ್ಜಿ, ಆಗೋದೂ ಇಲ್ಲ’. ಸನ್ಯಾಸಿ ಆಗ್ತೀಯಾ ಎಂದರು. ಇಲ್ಲ ಎಂದೆ. ‘ಮತ್ತೆ ಕಾಯಿಲೆ ಬಿದ್ರೆ ಗಂಜಿ ಕಾಸೋರು ಯಾರೋ ಮಗಾ?’ ಎಂದರು. ಪ್ರಶ್ನೆಯ ಬುಡ ಅದು. ನನ್ನ ಹಾಸಿಗೆಯ ವಿಚಾರ ಅವರಿಗೆ ಬೇಕಿಲ್ಲ, ವಯಸ್ಸಾದ ಮೇಲೆ ನನ್ನ ಗತಿ ಏನು ಎನ್ನುವುದು ಬೇಕು. ಬೆಂಗಳೂರಲ್ಲಿ ಗೆಳೆಯರಿದ್ದಾರೆ, ಒಬ್ಬರಿಗೊಬ್ಬರು ಆಗಿದ್ದೇವೆ ಎಂದು ವಿವರಿಸಿದೆ. ಯಾರ್ಯಾರು, ಏನು ಕೆಲಸ, ಅಡಿಗೆ ಯಾರಿಗೆ ಬರುತ್ತದೆ ಎಂದು ವಿಚಾರಿಸಿದರು. ಈಗ ಹೋದಾಗಲೆಲ್ಲ ಅವರ ಹೆಸರು ಹಿಡಿದು ಕೇಳುತ್ತಾರೆ. ಗೇ ಎನ್ನುವ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ಸುಳ್ಳೂ ಬಂದಿಲ್ಲ. ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂಬ ಹಟ ಬೇಡ, ಆದರೆ ಮುಂದೆ ತಿದ್ದಬೇಕಾಗುವಂಥ ಸುಳ್ಳನ್ನು ಹೇಳದಿದ್ದರೆ ಸಾಕು.

ಪಾವಗಡದ ಗೆಳೆಯನ ಕರಾರು

ಊರಿನವನೂ ಗೇ ಆಗಿದ್ದರೆ ವಿಷಯ ಇನ್ನೂ ಸೂಕ್ಷ್ಮ. ಪಾವಗಡದ ನನ್ನ ಗೆಳೆಯನ ಪರಿಚಯವಾಗಿದ್ದು ಬೆಂಗಳೂರಿನ ಒಬ್ಬ ಸ್ನೇಹಿತನ ಮೂಲಕ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆಂಧ್ರದೊಳಕ್ಕೆ ಚಾಚಿಕೊಂಡ ಆ ತಾಲ್ಲೂಕಿನಲ್ಲಿ ಅದು ಮಾಮೂಲು. ಅವರ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ 13,000 ಎಕರೆ, 2,050 ಮೆಗಾವಾಟ್. ಜಮೀನು ಮಾರಾಟವಾಗಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಹೊಲ ಇದ್ದವರಿಗೆ ನಿಗದಿ ಆದಾಯ ಬಂತು, ಕಡ್ಲೆಕಾಯಿ ಕೀಳುವ ಕೂಲಿ ನಂಬಿದ್ದವರಿಗೆ ಕೆಲಸ ಹೋಯಿತು, ಕುರಿ ಮೇಯಿಸುವವರಿಗೆ ಬಯಲು ಹೋಯಿತು. ‘ನಮ್ಮೂರಿಗೆ ಬರೋರೆಲ್ಲ ಫೋಟೋ ತಗೊಂಡು ಹೋಗ್ತಾರೆ. ನಾವು ಇಲ್ಲೇ ಇರ್ತೀವಿ’ ಎನ್ನುವುದು ಅವನು ಪಾರ್ಕ್ ನೋಡಲು ಬರುವವರ ಬಗ್ಗೆ ಹೇಳಿದ ಮಾತು. ನನಗೂ ಅನ್ವಯಿಸುತ್ತದೆ.

ಮೊದಲ ಭೇಟಿಯಲ್ಲೇ ಅವನು ಕರಾರು ಹಾಕಿದ. ಮನೆಯಲ್ಲಿ ನಾನು ಟ್ರೆಕ್ಕಿಂಗಿಗೆ ಬರುವ ಪರಿಚಯದವನು, ಅಷ್ಟೇ. ಅವನ ಜೊತೆಗಿನ ಫೋಟೋ ಎಲ್ಲೂ ಹಾಕಕೂಡದು. ರಾತ್ರಿ ಮೆಸೇಜ್ ಮಾಡಕೂಡದು, ಫೋನ್ ತಮ್ಮನ ಕೈಗೂ ಹೋಗುತ್ತದೆ. ಕಾಮನಬಿಲ್ಲಿನ ಬ್ಯಾಂಡ್ ಕೈಯಲ್ಲಿದ್ದರೆ ಬಸ್ಸಿನಲ್ಲೇ ಬಿಚ್ಚಿ ಬರಬೇಕು. ಬೆಂಗಳೂರಿನ ಪ್ರೈಡ್ ಮೆರವಣಿಗೆಯಲ್ಲಿ ಕೂಗುತ್ತಾ ನಡೆಯುವವನಿಗೆ ಇದು ಕಿರಿಕಿರಿ ಎನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ಊರಲ್ಲಿ ಗುಸುಗುಸು ಎದ್ದರೆ ನಾನು ಸಂಜೆಯ ಪ್ರೈವೇಟ್ ಬಸ್ಸು ಹಿಡಿದು ಮಧುಗಿರಿ ದಾಟಿರುತ್ತೇನೆ. ಮರುದಿನ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ನಿಲ್ಲಬೇಕಾದವನು ಅವನು. ತಂಗಿಯ ಮದುವೆ ಆಗಬೇಕಾದದ್ದೂ ಅವನ ಮನೆಯಲ್ಲೇ. ಇಬ್ಬರೂ ಗೇ ಆಗಿದ್ದ ಮಾತ್ರಕ್ಕೆ ಇಬ್ಬರ ಅಪಾಯ ಒಂದೇ ಆಗುವುದಿಲ್ಲ. ಆದ್ದರಿಂದ ಎಷ್ಟು ಹತ್ತಿರ, ಎಷ್ಟು ದೂರ, ಯಾರೆದುರಿಗೆ ಏನು ಎನ್ನುವುದನ್ನು ಊರಲ್ಲೇ ಉಳಿಯುವವನು ತೀರ್ಮಾನಿಸಬೇಕು. ಈ ಓಡಾಟದಿಂದ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ.

ಅವನು ಬಾಯಿ ಬಿಡುವುದು ನಿಡುಗಲ್ ಬೆಟ್ಟದ ಮೇಲೆ. ಹೊಯ್ಸಳರೊಂದಿಗೆ ಸೆಣಸಿದ ಇರುಂಗೋಳ ಅರಸರ ದುರ್ಗ. ಸುತ್ತು ಸುತ್ತಿನ ಗೋಡೆ, ಬಸದಿ, ಪಾಳುಬಿದ್ದ ಗುಡಿಗಳು. ಮಧುಗಿರಿಯ ಗದ್ದಲ ಅಲ್ಲಿಲ್ಲ. ಏರುವಾಗ ಕಾಲೇಜಿನ ದಿನದ ಒಬ್ಬ ಹುಡುಗನ ಕಥೆ, ಇಳಿಯುವಾಗ ಬೋರ್‌ವೆಲ್ಲಿನ ಕಥೆ. ಎರಡಕ್ಕೂ ಅಷ್ಟೇ ಹೊತ್ತು. ಗೇ ಗೆಳೆಯರು ಕೂತರೆ ಅದೇ ಮಾತಾಡಬೇಕು ಎನ್ನುವುದು ನಗರದ ಅಭ್ಯಾಸ. ಅವನಿಗೆ ಮಳೆ, ಸಾಲ, ತಂಗಿಯ ಗಂಡು ಹುಡುಕಾಟ ಎಲ್ಲದರ ನಡುವೆ ಅದೂ ಒಂದು. ಬೋರ್‌ವೆಲ್ ಕಥೆಗೆ ಕಿವಿಗೊಡದವನಿಗೆ ಇನ್ನೊಂದು ಕಥೆಯನ್ನು ಹೇಳುವ ಮನಸ್ಸು ಅವನಿಗೆ ಬರುತ್ತಿರಲಿಲ್ಲ.

ಮೇಷ್ಟ್ರು ಮತ್ತು ಒಂದು ಪುಸ್ತಕ

ಸಿರಾ ಕಡೆಯ ಒಬ್ಬ ಮೇಷ್ಟ್ರು ನನಗಿಂತ ಬಹಳ ಹಿರಿಯರು. ಹೆಂಡತಿ, ಬೆಳೆದ ಮಕ್ಕಳು ಇದ್ದಾರೆ. ಅವರು ಪ್ರಾಯದಲ್ಲಿದ್ದಾಗ ಗಂಡಸರ ಕಡೆಗಿನ ಮನಸ್ಸಿಗೆ ಒಂದು ಗೌರವದ ಹೆಸರೂ ಅವರ ಕಿವಿಗೆ ಬಿದ್ದಿರಲಿಲ್ಲ. ಮನೆಯವರು ಗೊತ್ತು ಮಾಡಿದ ಮದುವೆಯಾಯಿತು. ನಾವು ಭೇಟಿಯಾಗುವುದು ಕಗ್ಗಲಡುವಿನಲ್ಲಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಹಳ್ಳಿ. ಹಕ್ಕಿ ನೋಡಲು ಇಬ್ಬರು ಗಂಡಸರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಒಮ್ಮೆ ವಸುಧೇಂದ್ರರ ‘ಮೋಹನಸ್ವಾಮಿ’ ಕೊಟ್ಟೆ. 2013ರಲ್ಲಿ ಬಂದ ಆ ಕಥಾಸಂಕಲನ ಗೇ ಬದುಕನ್ನು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿತು. ಮೇಷ್ಟ್ರು ಓದಿ, ಹಳೆಯ ಪೇಪರಿನಲ್ಲಿ ಸುತ್ತಿ ವಾಪಸ್ ತಂದರು. ಇಟ್ಟುಕೊಳ್ಳಿ ಸಾರ್ ಎಂದರೆ, ‘ಮನೇಲಿ ಎಲ್ಲಿಡಲಪ್ಪಾ? ನಿನ್ನ ಹತ್ರ ಇರ್ಲಿ, ಬೇಕಾದಾಗ ಕೇಳ್ತೀನಿ’ ಎಂದರು. ಅದಾದ ಮೇಲೆ ಎರಡು ಸಲ ಕೇಳಿ ಓದಿದ್ದಾರೆ. ಮನೆಯವರಿಗೆ ಹೇಳಿಬಿಡಿ, ಹಗುರಾಗುತ್ತೀರಿ ಎಂದು ಉಪದೇಶ ಮಾಡಲು ಬಾಯಿ ತುರಿಸಿದ್ದುಂಟು. ಹೇಳಿದ ಮೇಲಿನ ದಿನಗಳನ್ನು ಬದುಕಬೇಕಾದವರು ಅವರು, ಅವರ ಹೆಂಡತಿ. ಆ ಹೆಂಗಸಿನ ಪಾಡೂ ಕಣ್ಣೆದುರಿಗೆ ಬರುತ್ತದೆ. ಪುಸ್ತಕ ಕಾಯ್ದಿಡುವುದು ನನ್ನ ಪಾಲಿಗೆ ಬಂದ ಕೆಲಸ, ಅದನ್ನು ಮಾಡುತ್ತಿದ್ದೇನೆ.

ಆ್ಯಪ್ ಹಿಡಿದು ಹೊರಡುವವರಿಗೆ

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗ್ರೈಂಡರ್ ತೆರೆದರೆ ಮುಖವಿಲ್ಲದ ಪ್ರೊಫೈಲುಗಳು ಕಾಣುತ್ತವೆ. ಮುಖ ಇಲ್ಲವೆಂದು ಹಂಗಿಸಬೇಡಿ, ಕಾರಣ ಮೇಲೆ ಹೇಳಿದ್ದೇನೆ. ಹಾಗೆಂದು ಮೈ ಮರೆಯಲೂ ಬೇಡಿ. ಇಂಥ ಆ್ಯಪುಗಳಲ್ಲಿ ಕರೆಸಿಕೊಂಡು ಬೆದರಿಸಿ ದುಡ್ಡು ಕೀಳುವವರು ದೊಡ್ಡ ನಗರಗಳಲ್ಲೂ ಇದ್ದಾರೆ. ಹಗಲಲ್ಲಿ, ಜನ ಇರುವ ಹೋಟೆಲಿನಲ್ಲಿ ಮೊದಲು ಕಾಫಿ ಕುಡಿಯಿರಿ. ಎಲ್ಲಿಗೆ ಹೋಗುತ್ತಿದ್ದೀರೆಂದು ಬೆಂಗಳೂರಿನ ಒಬ್ಬರಿಗಾದರೂ ತಿಳಿಸಿ. ಯಾರಾದರೂ ಪೊಲೀಸ್, ಕೇಸು ಎಂದು ಹೆದರಿಸಿದರೆ 2018ರ ತೀರ್ಪು ನೆನಪಿರಲಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲವೇ ಇಲ್ಲ. ಸುಲಿಗೆ ಮಾತ್ರ ಅಂದೂ ಅಪರಾಧ, ಇಂದೂ ಅಪರಾಧ.

ಆ ರಾತ್ರಿಯ ಭೇಟಿಯೇ ನಿಮಗೆ ಬೇಕಿದ್ದರೆ ಅದು ನಿಮ್ಮಿಬ್ಬರ ಇಷ್ಟ. ಗೆಳೆತನ ಬೇಕಿದ್ದರೆ ಮಾತ್ರ ಮಾವಿನ ಕಾಲ, ಅವರೆಕಾಯಿ ಕಾಲ, ಜಾತ್ರೆ ಕಾಲ ಎಂದು ಮತ್ತೆ ಮತ್ತೆ ಬರಬೇಕು. ದಂಡಿನ ಮಾರಮ್ಮನ ಜಾತ್ರೆಗೆ ಬನ್ನಿ ಎಂದಾಗ ಹೋಗಬೇಕು, ಸಾವಾಯಿತೆಂದು ತಿಳಿದಾಗಲೂ ಹೋಗಬೇಕು. ಹೊರಡುವ ಮುಂಚೆ ಒಂದು ಫೋನ್ ಮಾಡಿ. ಈ ವಾರ ನೆಂಟರಿದ್ದಾರೆ, ಬರಬೇಡಿ ಎಂದರೆ ಮುನಿಸಿಕೊಳ್ಳದೆ ಮುಂದಿನ ವಾರ ಕೇಳಿ. ಬರುವಾಗ ಇಂಥದ್ದು ತನ್ನಿ ಎಂದು ಅವರೇ ಒಂದು ಕೆಲಸ ಹೇಳಿದರೆ, ಉಳಿದದ್ದಕ್ಕೆ ಅವಸರ ಮಾಡಬೇಕಿಲ್ಲ. ಹೇಳಿದ್ದನ್ನು ಮರೆಯದೆ ತೆಗೆದುಕೊಂಡು ಹೋಗಿ.