ಒಂದು ಮೂತ್ರಪಿಂಡ ತೆಗೆಸಬೇಕಾದಾಗ

"ಒಂದು ಕಿಡ್ನಿ ತೆಗೆಯಬೇಕು" ಎಂದು ಡಾಕ್ಟರು ಹೇಳಿದೊಡನೆ ನಮ್ಮ ರೈತ ಕುಟುಂಬಗಳಲ್ಲಿ ಏಳುವ ಮೊದಲ ಪ್ರಶ್ನೆ, ಮನುಷ್ಯ ಉಳಿಯುತ್ತಾನೆಯೇ? ಎರಡನೆಯದು, ಮತ್ತೆ ಹೊಲದ ಕೆಲಸ ಮಾಡುತ್ತಾನೆಯೇ? ಉಳಿದ ಮೂತ್ರಪಿಂಡ ಚೆನ್ನಾಗಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಉತ್ತರ ಹೌದು ಎಂದೇ. ಹುಟ್ಟುವಾಗಲೇ ಒಂದೇ ಮೂತ್ರಪಿಂಡ ಇರುವವರೂ ಇದ್ದಾರೆ. ಎಷ್ಟೋ ಮಂದಿಗೆ ಅದು ಗೊತ್ತಾಗುವುದೇ ಬೇರೆ ಯಾವುದೋ ಕಾಯಿಲೆಗೆ ಸ್ಕ್ಯಾನ್ ಮಾಡಿಸಿದಾಗ. ಆದರೆ ಆಪರೇಷನ್ನಿನ ಮುಂಚೆ ಮಾಡಬೇಕಾದದ್ದನ್ನು ಮಾಡಿ, ಆದ ಮೇಲೆ ತಾಳ್ಮೆಯಿಂದ ಇರಬೇಕು. ನಮ್ಮವರು ಎಡವುವುದು ಹೆಚ್ಚಾಗಿ ಈ ತಾಳ್ಮೆಯ ವಿಷಯದಲ್ಲಿ.

ಇದು ಹೊಸ ಚಿಕಿತ್ಸೆಯೇನೂ ಅಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್ ಎಂಬ ವೈದ್ಯರು ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, ಒಂದೇ ಮೂತ್ರಪಿಂಡದಿಂದ ಅವು ಬದುಕುವುದನ್ನು ಕಂಡು, 1869ರಲ್ಲಿ ಒಬ್ಬ ಹೆಂಗಸಿನ ಮೂತ್ರಪಿಂಡವನ್ನು ತೆಗೆದರು. ಆಕೆ ಗುಣವಾದಳು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. ಅಂದಿನಿಂದ ಎಷ್ಟೋ ತಾಯಂದಿರು, ಅಣ್ಣತಮ್ಮಂದಿರು ತಮ್ಮದೊಂದನ್ನು ಕೊಟ್ಟು ಉಳಿದೊಂದರಲ್ಲಿ ಬಾಳುತ್ತಿದ್ದಾರೆ. ಪೋಪ್ ಎರಡನೆಯ ಜಾನ್ ಪೌಲರು 1995ರ ತಮ್ಮ ವಿಶ್ವಪತ್ರದಲ್ಲಿ ಇಂಥ ದಾನವನ್ನು ಮೆಚ್ಚಿ ಬರೆದಿದ್ದಾರೆ.

ನಮ್ಮ ಕಂಬದೂರು, ಕಲ್ಯಾಣದುರ್ಗ, ಹಿಂದೂಪುರದ ಕಡೆ ಬಿಸಿಲು ಹೆಚ್ಚು, ಕುಡಿಯುವ ನೀರು ಕಡಿಮೆ. ಬೆಳಿಗ್ಗೆ ಹೊಲಕ್ಕೆ ಹೋದವರು ಒಂದು ಚೆಂಬು ನೀರಿನಲ್ಲಿ ಮಧ್ಯಾಹ್ನದವರೆಗೂ ಕಳೆಯುತ್ತಾರೆ. ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟುವುದು ಹೀಗೆ. ಕಲ್ಲು ನಾಳಕ್ಕೆ ಅಡ್ಡ ನಿಂತರೆ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡ ಉಬ್ಬುತ್ತದೆ. ವಿಚಿತ್ರವೆಂದರೆ ಕೆಲವರಿಗೆ ಆಗ ನೋವು ಕಡಿಮೆಯಾಗುತ್ತದೆ! "ಸೊಪ್ಪಿನ ರಸಕ್ಕೆ ಕಲ್ಲು ಕರಗಿತು" ಎಂದು ಸಂತೋಷಪಡುತ್ತಿರುವಾಗಲೇ ಒಳಗೆ ಮೂತ್ರಪಿಂಡ ಸಾಯುತ್ತಿರಬಹುದು. ನೋವು ಹೋದರೂ ಕಲ್ಲು ಹೋಯಿತೇ ಎಂದು ಸ್ಕ್ಯಾನ್ ಮಾಡಿಸಿ ನೋಡಲೇಬೇಕು. ಕಲ್ಲಲ್ಲದೆ ಕ್ಯಾನ್ಸರ್ ಗಡ್ಡೆ, ಕೀವು ತುಂಬುವುದು, ಟಿ.ಬಿ., ದೊಡ್ಡ ಪೆಟ್ಟು ಇವುಗಳಿಂದಲೂ ತೆಗೆಯಬೇಕಾಗಿ ಬರುತ್ತದೆ.

ಆಪರೇಷನ್ನಿಗೆ ಒಪ್ಪುವ ಮುಂಚೆ ಡಾಕ್ಟರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಹೋಗುವ ಮೂತ್ರಪಿಂಡದ ಬಗ್ಗೆ ಅಲ್ಲ, ಉಳಿಯುವುದರ ಬಗ್ಗೆ. ಅದು ಎಷ್ಟು ಕೆಲಸ ಮಾಡುತ್ತಿದೆ? ರಕ್ತದ ಕ್ರಿಯೇಟಿನಿನ್ ಪರೀಕ್ಷೆ ಎರಡೂ ಸೇರಿ ಮಾಡುವ ಕೆಲಸವನ್ನು ತೋರಿಸುತ್ತದೆ. ಬೇಕಾದಾಗ ರೀನೋಗ್ರಾಮ್ ಎಂಬ ಸ್ಕ್ಯಾನಿನಿಂದ ಎಡದ್ದು ಎಷ್ಟು ಪಾಲು, ಬಲದ್ದು ಎಷ್ಟು ಪಾಲು ಎಂದು ಬೇರೆ ಬೇರೆಯಾಗಿ ತಿಳಿಯುತ್ತಾರೆ. ಇನ್ನೊಂದು ಪ್ರಶ್ನೆ: ಕಾಯಬಹುದೇ? ಕಲ್ಲಿನಿಂದ ಸತ್ತ ಮೂತ್ರಪಿಂಡವಾದರೆ ಕಡಲೆಕಾಯಿ ಕಿತ್ತು ಒಕ್ಕಣೆ ಮುಗಿಯುವವರೆಗೆ ಕೆಲವೊಮ್ಮೆ ಕಾಯಬಹುದು; ಡಾಕ್ಟರು ಒಪ್ಪಿದರೆ ಆ ಬಿಡುವಿನ ಕಾಲವೇ ಅನುಕೂಲ. ಕೀವು, ಜ್ವರ ಇದ್ದರೆ ಅಥವಾ ಗಡ್ಡೆಯ ಅನುಮಾನವಿದ್ದರೆ ಬೆಳೆಯ ಲೆಕ್ಕ ಹಾಕಬೇಡಿ.

ಬೀಡಿ, ಸಿಗರೇಟನ್ನು ಕಡೇಪಕ್ಷ ನಾಲ್ಕು ವಾರ ಮುಂಚೆ ಬಿಡಬೇಕು. ಇಲ್ಲದಿದ್ದರೆ ಕಫ ಕಟ್ಟುತ್ತದೆ, ಗಾಯ ಬೇಗ ಮಾಯುವುದಿಲ್ಲ. ರಕ್ತ ಕಡಿಮೆ ಇದ್ದರೆ ಮೊದಲೇ ಸರಿಪಡಿಸುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಹೃದಯಕ್ಕೆ ನುಂಗುವ ಆಸ್ಪಿರಿನ್, ನಾಟಿ ವೈದ್ಯರ ಪುಡಿ ಏನೇ ಇದ್ದರೂ ಮುಚ್ಚಿಡದೆ ಹೇಳಿ. ಯಾವುದನ್ನು ಎಂದು ನಿಲ್ಲಿಸಬೇಕೆಂದು ಡಾಕ್ಟರೇ ತಿಳಿಸುತ್ತಾರೆ, ನೀವಾಗಿ ನಿಲ್ಲಿಸಬೇಡಿ. ರಕ್ತ ಕೊಡಲು ಮನೆಯವರು ಒಂದಿಬ್ಬರು ಸಿದ್ಧರಿರಲಿ. ಒಪ್ಪಿಗೆ ಪತ್ರಕ್ಕೆ ರುಜು ಹಾಕುವಾಗ ಎಡವೋ ಬಲವೋ ಎಂಬುದನ್ನು ಓದಿಸಿಕೊಳ್ಳಿ. ಖರ್ಚಿನ ವಿಷಯ: ಆಂಧ್ರದಲ್ಲಿ 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾದ ಸರ್ಕಾರಿ ಯೋಜನೆ ಈಗ ಎನ್.ಟಿ.ಆರ್. ವೈದ್ಯ ಸೇವಾ ಎಂಬ ಹೆಸರಿನಲ್ಲಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಆ ಯೋಜನೆಯ ಮೇಜಿನಲ್ಲಿ ಮೊದಲೇ ವಿಚಾರಿಸಿ. ಹೊಲ ಅಡವಿಡುವ ಮಾತು ಆಮೇಲೆ. ಪುಟ್ಟಪರ್ತಿಯಲ್ಲಿ 1991ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲೂ ಮೂತ್ರಾಂಗದ ಚಿಕಿತ್ಸೆ ಉಚಿತವಾಗಿ ನಡೆಯುತ್ತದೆ.

ಗುರುಗಳನ್ನು ಕರೆದು ರೋಗಿಗಳ ಅಭ್ಯಂಗ ಸ್ವೀಕರಿಸಲು ಕೆಲವರು ಹೆದರುತ್ತಾರೆ, ಅದು ಸಾಯುವವರಿಗೆ ಎಂಬ ಹಳೆಯ ಭಾವನೆಯಿಂದ. ಕಠಿಣ ಕಾಯಿಲೆಗಾಗಿ ಆಪರೇಷನ್ನಿಗೆ ಹೋಗುವವರೂ ಅದನ್ನು ಪಡೆಯಬಹುದೆಂದು ಧರ್ಮಸಭೆ ಹೇಳುತ್ತದೆ. ಊರು ಬಿಡುವ ಮುಂಚೆಯೇ ಕೇಳಿಕೊಳ್ಳಿ.

ಆಪರೇಷನ್ ಎರಡು ಬಗೆ. ಪಕ್ಕೆಯ ಕೆಳಗೆ ಉದ್ದವಾಗಿ ಕೊಯ್ದು ತೆಗೆಯುವುದು ಒಂದು. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪರೋಸ್ಕೋಪಿ ಇನ್ನೊಂದು; ಇದು 1990ರಲ್ಲಿ ಅಮೆರಿಕದಲ್ಲಿ ಮೊದಲಾಯಿತು. ಎರಡನೆಯದರಲ್ಲಿ ನೋವು ಕಡಿಮೆ, ಕೆಲವೇ ದಿನಗಳಲ್ಲಿ ಮನೆಗೆ ಬರಬಹುದು. ಆದರೆ ಬಹಳ ಕಾಲ ಕೀವು ಕಟ್ಟಿ ಸುತ್ತಲೂ ಅಂಟಿಕೊಂಡಿರುವ ಮೂತ್ರಪಿಂಡಕ್ಕೆ ಕೊಯ್ಯುವುದೇ ಕ್ಷೇಮವಾಗಬಹುದು. ಎಚ್ಚರವಾದಾಗ ಮೂತ್ರಕ್ಕೆ ಒಂದು ನಳಿಕೆ, ಪಕ್ಕೆಯಲ್ಲಿ ಒಂದು ನಳಿಕೆ ಇರಬಹುದು, ಗಾಬರಿಯಾಗಬೇಡಿ. ಮಾರನೆಯ ದಿನವೇ ನರ್ಸಮ್ಮ ಎಬ್ಬಿಸಿ ನಡೆಸುತ್ತಾರೆ. "ಹಸಿ ಗಾಯ, ಮಲಗಿರಲಿ" ಎಂದು ಮನೆಯವರು ಅಡ್ಡ ಬರುವುದುಂಟು. ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಕೆಮ್ಮುವಾಗ ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿದರೆ ನೋವು ಕಡಿಮೆ.

ಮನೆಗೆ ಬಂದ ಮೇಲೆ ಹತ್ತು ಹದಿನೈದು ದಿನಕ್ಕೆ ಮೇಲಿನ ಚರ್ಮ ಕೂಡಿಕೊಳ್ಳುತ್ತದೆ. ರೈತ ಆಗ "ನಾನು ಗುಣವಾದೆ" ಎಂದುಕೊಳ್ಳುತ್ತಾನೆ. ಒಳಗಿನ ಮಾಂಸದ ಪದರಗಳು ಬಿಗಿಯಾಗಲು ಆರು ವಾರವಾದರೂ ಬೇಕು. ಕೊಯ್ದು ಮಾಡಿದ್ದಾದರೆ ಎರಡು ಮೂರು ತಿಂಗಳು. ಅಷ್ಟರಲ್ಲಿ ಐದು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು. ತುಂಬಿದ ಬಿಂದಿಗೆ ಇದರ ಎರಡರಷ್ಟಕ್ಕೂ ಹೆಚ್ಚು. ಔಷಧಿ ಹೊಡೆಯುವ 16 ಲೀಟರ್ ಡಬ್ಬಿ ಮೂರರಷ್ಟಕ್ಕೂ ಮಿಕ್ಕಿದ್ದು. ಕಡಲೆಕಾಯಿ ಮೂಟೆಯ ಮಾತೇ ಬೇಡ. ಟ್ರಾಕ್ಟರ್ ಕುಲುಕಾಟ, ಗುದ್ದಲಿ ಕೆಲಸ, ಹಗ್ಗ ಎಳೆಯುವ ಎತ್ತು ಇವೂ ದೂರವಿರಲಿ. ಆತುರಪಟ್ಟರೆ ಗಾಯದ ಜಾಗದಲ್ಲಿ ಕರುಳು ಉಬ್ಬಿ ಹರ್ನಿಯಾ ಆಗುತ್ತದೆ, ಮತ್ತೊಂದು ಆಪರೇಷನ್. ಹೆಂಗಸರ ವಿಷಯದಲ್ಲಂತೂ ಮನೆಯವರು ಇನ್ನೂ ಎಚ್ಚರವಾಗಿರಬೇಕು. ಗಂಡಸಿಗೆ ಸಿಗುವ ವಿಶ್ರಾಂತಿ ಹೆಂಗಸಿಗೆ ಸಿಗುವುದಿಲ್ಲ. ಮೂರನೆಯ ವಾರಕ್ಕೇ ಆಕೆ ನೀರು ಹೊರುತ್ತಿರುತ್ತಾಳೆ. ಅಕ್ಕಪಕ್ಕದವರು, ಸಂಘದ ಅಕ್ಕಂದಿರು ಸರದಿಯಂತೆ ನೀರು ತಂದುಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಗಾಯಕ್ಕೆ ಅರಿಶಿನ, ಬೂದಿ ಹಚ್ಚಬೇಡಿ. ಜ್ವರ, ಕೀವು, ಮೂತ್ರ ಕಡಿಮೆಯಾಗುವುದು ಅಥವಾ ರಕ್ತದ ಗೆಡ್ಡೆ ಬೀಳುವುದು, ಮೀನಖಂಡದ ಬಾವು, ಏದುಸಿರು, ನಿಲ್ಲದ ವಾಂತಿ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಪಥ್ಯದ ಹೆಸರಿನಲ್ಲಿ ಗಂಜಿ ಮಾತ್ರ ಕೊಟ್ಟು ರೋಗಿಯನ್ನು ಸೊರಗಿಸುವುದು ತಪ್ಪು. ಮುದ್ದೆ, ಬೇಳೆ, ಸೊಪ್ಪು, ಮೊಸರು, ಮೊಟ್ಟೆ ಹೊಂದುತ್ತವೆ. ಉಳಿದ ಮೂತ್ರಪಿಂಡ ಸೋತಿದ್ದರೆ ಮಾತ್ರ ಡಾಕ್ಟರು ಬೇರೆ ಪಥ್ಯ ಹೇಳುತ್ತಾರೆ. ತಪಸ್ಸುಕಾಲ ಬಂದರೂ ರೋಗಿಗೆ ಉಪವಾಸದ ಕಟ್ಟಳೆಯಿಲ್ಲ.

ಉಳಿದ ಮೂತ್ರಪಿಂಡ ಕೆಲವು ತಿಂಗಳಲ್ಲಿ ತುಸು ದೊಡ್ಡದಾಗಿ ಹೆಚ್ಚಿನ ಕೆಲಸ ವಹಿಸಿಕೊಳ್ಳುತ್ತದೆ. ಕ್ರಿಯೇಟಿನಿನ್ ಮೊದಲಿಗಿಂತ ಸ್ವಲ್ಪ ಹೆಚ್ಚಾಗಿ ನಿಲ್ಲಬಹುದು, ಅದಕ್ಕೇ ಹೆದರಬೇಕಾಗಿಲ್ಲ. ಗಂಡಸುತನ ಹೋಗುತ್ತದೆಂಬುದು ಸುಳ್ಳು. ಮಕ್ಕಳನ್ನು ಹೆರುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಸುರಾದಾಗ ಡಾಕ್ಟರಿಗೆ ತಿಳಿಸಿ ಬಿ.ಪಿ. ನೋಡಿಸಿಕೊಳ್ಳುತ್ತಿರಬೇಕು. ನೀರನ್ನು ಮೂತ್ರ ತಿಳಿಯಾಗಿ ಬರುವಷ್ಟು ಕುಡಿಯಿರಿ. ಹೃದಯದ ತೊಂದರೆ ಇರುವವರು ಕೇಳಿ ಕುಡಿಯಲಿ. ಉಪ್ಪಿನಕಾಯಿ, ಹಪ್ಪಳ ಮಿತವಾಗಿರಲಿ. ವರ್ಷಕ್ಕೊಮ್ಮೆ ಬಿ.ಪಿ., ಸಕ್ಕರೆ, ಕ್ರಿಯೇಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಬೇಕು.

ಕಳೆ ತೆಗೆದು ಸೊಂಟ ನೋಯುತ್ತದೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಬ್ರೂಫೆನ್ ಮಾತ್ರೆ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಮನೆಮನೆಗೂ ಇದೆ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ ಈ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೆ ಹೋಗುವ ರಕ್ತವೇ ಕುಗ್ಗುತ್ತದೆ. ಒಂದೇ ಮೂತ್ರಪಿಂಡ ಇರುವವರು ಮಾತ್ರೆ ಕೊಳ್ಳುವಾಗಲೂ ಇಂಜೆಕ್ಷನ್ನಿಗೆ ತೋಳು ಕೊಡುವಾಗಲೂ "ನನಗೆ ಒಂದೇ ಕಿಡ್ನಿ" ಎಂದು ಮೊದಲು ಹೇಳಬೇಕು. ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪಟ್ಟಾ ಪುಸ್ತಕದ ಜೊತೆಯಲ್ಲೇ ಇಟ್ಟುಕೊಳ್ಳಿ.