ಕೀಬೋರ್ಡಿನ ತಾಳವಾದ್ಯಗಳನ್ನು ಒಂದೊಂದಾಗಿ ಹದಗೊಳಿಸುವ ಕ್ರಮ

ಬಾಲಿಕೆಯರೇ, ಕಳೆದ ಸುಗ್ಗಿ ಹಬ್ಬದ ಆರಾಧನೆಯಲ್ಲಿ ನಮ್ಮ ಕೆಳತರಗತಿಯ ಮಕ್ಕಳು ಎರಡು ತಿಂಗಳು ಅಭ್ಯಾಸಮಾಡಿದ ಗೀತೆಯೊಂದನ್ನು ಹಾಡಿದುದು ನಿಮಗೆ ನೆನಪಿರಬಹುದು. ಹಿಂದಿನ ಸಾಲುಗಳಲ್ಲಿ ಕುಳಿತ ತಾಯಂದಿರಿಗೆ ಅದರ ಒಂದು ಮಾತಾದರೂ ಕೇಳಿಸಲಿಲ್ಲ. ಕೇಳಿಸಿದ್ದು ಕೀಬೋರ್ಡಿನೊಳಗಿನ ದೊಡ್ಡ ಡ್ರಮ್ಮಿನ ಗುಡುಗು ಮಾತ್ರ. ಎರಡನೆಯ ಚರಣದಲ್ಲಿ ನಾನು ಸನ್ನೆಮಾಡಿ ತಾಳದ ಧ್ವನಿಯನ್ನೆಲ್ಲ ತಗ್ಗಿಸುವಂತೆ ಹೇಳಿದೆನು. ಆಗ ತಾಳವೇ ಕೇಳದೆ ಮಕ್ಕಳು ಚೆದರಿಹೋದರು. ತಪ್ಪು ನನ್ನದು. ತಗ್ಗಿಸತಕ್ಕದ್ದಾಗಿದ್ದುದು ಒಂದೇ ವಾದ್ಯ, ತಗ್ಗಿಸಿದ್ದು ಎಲ್ಲವನ್ನೂ.

ವರ್ಕ್‌ಸ್ಟೇಷನ್ ಎಂಬ ಹೆಸರಿನ ಕೀಬೋರ್ಡು ನಾನಾ ವಾದ್ಯಗಳ ಧ್ವನಿಯನ್ನು ಹುಟ್ಟಿಸುವುದಲ್ಲದೆ, ಬಾರಿಸಿದ್ದನ್ನು ಪದರಪದರವಾಗಿ ನೆನಪಿನಲ್ಲಿಟ್ಟು ಮರಳಿ ನುಡಿಸುವ ಯಂತ್ರವು. 1988ರಲ್ಲಿ ಬಂದ ಜಪಾನಿನ ಕೋರ್ಗ್ ಎಂ1 ಈ ಜಾತಿಯಲ್ಲಿ ಬಹು ಪ್ರಸಿದ್ಧವಾದದ್ದು. ಪಿಯಾನೋ ಧ್ವನಿಯನ್ನು ಆರಿಸಿದಾಗ, ಹಾರ್ಮೋನಿಯಂ ಬಾರಿಸುವವರು ಮನೆಗಳೆಂದು ಕರೆಯುವ ಪಟ್ಟಿಗಳೆಲ್ಲ ಒಂದೇ ವಾದ್ಯದ ಬೇರೆ ಬೇರೆ ಸ್ವರಗಳನ್ನು ಕೊಡುತ್ತವೆ. ಡ್ರಮ್ ಕಿಟ್ಟನ್ನು ಆರಿಸಿದರೆ ಹಾಗಲ್ಲ; ಒಂದೊಂದು ಮನೆಯಲ್ಲಿಯೂ ಒಂದೊಂದು ವಾದ್ಯವು ವಾಸಮಾಡುತ್ತದೆ. 1991ರಲ್ಲಿ ಗೊತ್ತಾದ ಜನರಲ್ ಮಿಡಿ ಎಂಬ ಏರ್ಪಾಡಿನ ಪ್ರಕಾರ 35ರಿಂದ 81ರ ವರೆಗಿನ 47 ಮನೆಗಳಲ್ಲಿ 47 ತಾಳಧ್ವನಿಗಳುಂಟು: 36ರಲ್ಲಿ ದೊಡ್ಡ ಡ್ರಮ್ಮು, 38ರಲ್ಲಿ ಸ್ನೇರ್, 42ರಲ್ಲಿ ಮುಚ್ಚಿದ ಹೈಹ್ಯಾಟ್ ತಾಳ, 46ರಲ್ಲಿ ತೆರೆದದ್ದು. ನಮ್ಮ ದೇಶದ ಸಂಗೀತಕ್ಕೆಂದು ತಯಾರಾದ ಕೆಲವು ಯಂತ್ರಗಳಲ್ಲಿ ತಬಲ, ಢೋಲಕ್ ಮುಂತಾದವುಗಳ ಕಿಟ್‌ಗಳೂ ಇರುತ್ತವೆ.

ಮೊದಲು ಕಿಟ್ಟನ್ನು ಯೂಸರ್ ಎಂಬ ಸ್ಥಾನಕ್ಕೆ ನಕಲುಮಾಡಿಕೊಂಡು ಆ ನಕಲನ್ನೇ ತಿದ್ದತಕ್ಕದ್ದು. ಏಕೆಂದರೆ ಹಿಂದೆ ಸಿದ್ಧಪಡಿಸಿದ ಹಾಡುಗಳು ಅದೇ ಕಿಟ್ಟನ್ನು ಅವಲಂಬಿಸಿದ್ದರೆ ಅವೂ ಕೂಡ ಬದಲಾಗಿಬಿಡುತ್ತವೆ. ಅನಂತರ ತಿದ್ದಬೇಕಾದ ಮನೆಯನ್ನು ಒತ್ತಿ, ಅದರ ಲೆವೆಲ್ ಅಂದರೆ ಗಟ್ಟಿತನ, ಟ್ಯೂನ್ ಅಂದರೆ ಶ್ರುತಿ, ಡಿಕೇ ಅಂದರೆ ನಾದವು ಆರಿಹೋಗುವ ಕಾಲ, ಇವುಗಳನ್ನು ನೋಡಬೇಕು. ಧ್ವನಿಯು ಎಡಗಡೆಯಿಂದ ಬರಬೇಕೋ ಬಲಗಡೆಯಿಂದಲೋ ಎಂಬುದಕ್ಕೆ ಪ್ಯಾನ್ ಇದೆಯಾದರೂ, ಒಂದೇ ಪೆಟ್ಟಿಗೆಯಿಂದ ಧ್ವನಿ ಬರುವ ನಮ್ಮ ಸಭಾಂಗಣದಲ್ಲಿ ಅದರ ಪ್ರಯೋಜನವಿಲ್ಲ. ಮಕ್ಕಳ ಗೀತೆಗೆ 36ನೆಯ ಮನೆಯ ಲೆವೆಲನ್ನೂ ಡಿಕೇಯನ್ನೂ ಮಾತ್ರ ಕಡಮೆ ಮಾಡಿದ್ದರೆ ಸಾಕಾಗುತ್ತಿತ್ತು. ತಿದ್ದಿದ ಮೇಲೆ ರೈಟ್ ಒತ್ತದೆ ಯಂತ್ರವನ್ನು ಆರಿಸಿದರೆ ಪಟ್ಟ ಶ್ರಮವೆಲ್ಲ ಅಳಿದುಹೋಗುವುದು; ಇದನ್ನು ನಾನು ಎರಡು ಸಾರಿ ಅನುಭವಿಸಿದ್ದೇನೆ.

ಶ್ರುತಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಬರಿಯ ಚರ್ಮವನ್ನು ಬಳೆಗೆ ಬಿಗಿದು ಹೊಡೆದರೆ ಮೂಲನಾದದೊಡನೆ ಹುಟ್ಟುವ ಎರಡನೆಯ ನಾದವು ಅದರ ಸುಮಾರು 1.59 ಪಟ್ಟು ಇರುತ್ತದೆ. ಎರಡಕ್ಕೂ ಹೊಂದಿಕೆಯಿಲ್ಲದ್ದರಿಂದ ಕಿವಿಗೆ ಖಚಿತವಾದ ಸ್ವರವು ತೋರದು. ಮೃದಂಗದ ಬಲಮುಖಕ್ಕೆ ಕಪ್ಪು ಕರಣೆಯನ್ನು ಹಚ್ಚುವುದರಿಂದ ಮೇಲಿನ ನಾದಗಳು ಎರಡು, ಮೂರು, ನಾಲ್ಕು, ಐದು ಪಟ್ಟುಗಳಿಗೆ ಸಮೀಪವಾಗಿ ಬಂದು ಸ್ವರವು ಸ್ಪಷ್ಟವಾಗುತ್ತದೆ. ಇದನ್ನು ಸಿ. ವಿ. ರಾಮನ್ ಅವರು 1920ರಲ್ಲಿ ಶಿವಕಾಳಿ ಕುಮಾರರೊಡನೆಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾಗಿಯೂ ಪ್ರಕಟಿಸಿದರು. ಆದಕಾರಣ ಯಂತ್ರದಲ್ಲಿಯೂ ಮೃದಂಗ ತಬಲಗಳ ನಾದವುಳ್ಳ ಪೆಟ್ಟುಗಳನ್ನು ಹಾಡಿನ ಶ್ರುತಿಗೆ ಸೇರಿಸಲೇಬೇಕು. ಧ್ವನಿಯು ಸಿ ಸ್ವರದಲ್ಲಿದ್ದು ಹಾಡು ಡಿ ಸ್ವರದಲ್ಲಿದ್ದರೆ ಆ ಮನೆಗಳನ್ನು ಮಾತ್ರ 200 ಸೆಂಟುಗಳಷ್ಟು ಏರಿಸತಕ್ಕದ್ದು. 100 ಸೆಂಟುಗಳೆಂದರೆ ಪಕ್ಕದ ಒಂದು ಮನೆ. ಬಹಳ ಏರಿಸಬಾರದು. ಮುದ್ರಿತ ಧ್ವನಿಯನ್ನು ಒಂದು ಸ್ಥಾಯಿ ಏರಿಸಿದರೆ ಅದರ ಅವಧಿಯು ಅರ್ಧವಾಗಿ ಮೃದಂಗವು ಆಟದ ಸಾಮಾನಿನಂತೆ ನುಡಿಯುತ್ತದೆ.

ತಮಟೆಯ ವಿಷಯವು ಬೇರೆ. ಅದಕ್ಕೆ ಕರಣೆಯಿಲ್ಲ, ಗೊತ್ತಾದ ಸ್ವರವೂ ಇಲ್ಲ. ಹುಲ್ಲಿನ ಬೆಂಕಿಗೆ ಹಿಡಿದರೆ ತೇವವು ಆರಿ ಚರ್ಮವು ಬಿಗಿಯಾಗಿ ಧ್ವನಿಯೇರುವುದು, ಅಷ್ಟೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಇದು ಎಲ್ಲರೂ ಬಲ್ಲ ವಾದ್ಯ. ನಮ್ಮ ಯಂತ್ರದಲ್ಲಿ ಮಾತ್ರ ಇದಕ್ಕೆ ಮನೆಯಿರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಾತನು ತಮಟೆ ಬಾರಿಸುವುದನ್ನು ಗೆಳತಿಯರಿಗೆ ಎರಡು ವರುಷ ಹೇಳದೆ ಮರೆಸಿದ್ದಳು. ಒಂದು ದಿನ ಸಂಕೋಚದಿಂದ ನನ್ನ ಬಳಿಗೆ ಬಂದು, ಆ ಧ್ವನಿಯನ್ನು ಯಂತ್ರಕ್ಕೆ ಸೇರಿಸಬಹುದೇ ಎಂದು ಕೇಳಿದಳು. ಹೊರಗಿನ ಧ್ವನಿಯನ್ನು ಸ್ವೀಕರಿಸುವ ಯಂತ್ರವಾದರೆ ಸೇರಿಸಬಹುದು. ತಾತನು ತಮಟೆಯನ್ನು ಕಾಯಿಸಿ, ತೆರೆದ ಪೆಟ್ಟು, ಅದುಮಿದ ಪೆಟ್ಟು, ಸಣ್ಣ ಕಡ್ಡಿಯ ಪೆಟ್ಟು ಎಂದು ಮೂರನ್ನು ಬೇರೆ ಬೇರೆಯಾಗಿ ಹೊಡೆದನು. ಅವುಗಳನ್ನು ಫೋನಿನಲ್ಲಿ ಹಿಡಿದು, ಪೆನ್‌ಡ್ರೈವಿನಿಂದ ಯಂತ್ರಕ್ಕೆ ತಂದು ಮೂರು ಮನೆಗಳಲ್ಲಿಟ್ಟೆವು. ತೆರೆದ ಪೆಟ್ಟನ್ನೂ ಅದುಮಿದ ಪೆಟ್ಟನ್ನೂ ಒಂದೇ ಎಕ್ಸ್‌ಕ್ಲೂಸಿವ್ ಗುಂಪಿಗೆ ಸೇರಿಸಿದ್ದರಿಂದ, ಎರಡನೆಯದನ್ನು ಒತ್ತಿದೊಡನೆ ಮೊದಲನೆಯದರ ಅನುರಣನವು ನಿಲ್ಲುವುದು. ಹೈಹ್ಯಾಟಿಗೂ ಇದೇ ಉಪಾಯ.

ಸಭೆಯ ಹಿರಿಯರಿಬ್ಬರು ಇದು ಸಾವಿನ ಮನೆಯ ವಾದ್ಯವೆಂದು ಆಕ್ಷೇಪಿಸಿದರು. ಮದುವೆಗೂ ಊರಹಬ್ಬಕ್ಕೂ ಇದೇ ಅಲ್ಲವೇ ಎಂದು ನಾನು ಕೇಳಿದೆನು. ಮಿರ್ಯಾಮಳು ಹಿಡಿದ ದಮ್ಮಡಿಯೂ ಚರ್ಮದ್ದೇ ಎಂಬುದನ್ನು ನೆನಪಿಗೆ ತಂದೆನು. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ದೊರೆತದ್ದು ಈ ತಮಟೆಗಾಗಿಯೇ ಎಂಬುದನ್ನೂ ಹೇಳಿದೆನು. ಒಬ್ಬರು ಒಪ್ಪಿದರು, ಮತ್ತೊಬ್ಬರು ಈವರೆಗೂ ಒಪ್ಪಿಲ್ಲ.

ಕ್ರಿಸ್‌ಮಸ್ ಸಂಜೆ ತಾತನು ಹಿಂದಿನ ಸಾಲಿನಲ್ಲಿ ನಿಂತು ಕೇಳಿದನು. ಮಕ್ಕಳ ಮಾತುಗಳು ಅಲ್ಲಿಯ ವರೆಗೂ ಸ್ಪಷ್ಟವಾಗಿ ಬಂದವು. ಅನಂತರ ನನ್ನ ಬಳಿಗೆ ಬಂದು, “ಏಟು ನಂದೇ ತಾಯಿ, ಆದರೆ ಕಡ್ಡಿ ಏಟು ಒಂದು ಚೂರು ತಡವಾಗಿ ಬೀಳ್ತದೆ” ಎಂದನು. ಮರುದಿನ ಪರೀಕ್ಷಿಸಿ ನೋಡಲಾಗಿ, ಆ ಧ್ವನಿಯ ಆರಂಭದಲ್ಲಿ ಒಂದಿಷ್ಟು ಮೌನವು ಕತ್ತರಿಸದೆ ಉಳಿದಿತ್ತು. ಮೊಮ್ಮಗಳೇ ಅದನ್ನು ಕತ್ತರಿಸಿ, ರೈಟ್ ಒತ್ತಿದಳು.