ಗ್ಯಾರೇಜಿಗೆ ಕಳಿಸುವ ಮುನ್ನ

ಒಂಬತ್ತನೇ ತರಗತಿಯ ಮಗಳು ‘ಆಟೊಮೊಬೈಲ್ ತಗೊಂಡಿದೀನಿ, ಗ್ಯಾರೇಜ್ ನೋಡೋಕೆ ಹೋಗ್ಬೇಕು’ ಎಂದರೆ ಗಾಬರಿಯಾಗಬೇಡಿ. ರಾಜ್ಯದ ಕೆಲವು ಸರಕಾರಿ ಪ್ರೌಢಶಾಲೆಗಳಲ್ಲಿ ಆಟೊಮೊಬೈಲ್, ರೀಟೇಲ್, ಐಟಿಯಂಥ ವೃತ್ತಿ ವಿಷಯಗಳಿವೆ. ಪುಸ್ತಕ ಓದಿ ಕಾರ್ಬ್ಯುರೇಟರ್ ಅರ್ಥವಾಗುವುದು ಅಷ್ಟಕ್ಕಷ್ಟೆ.

ಕಳಿಸುವ ಮುನ್ನ ನೀವೇ ಒಮ್ಮೆ ಹೋಗಿ ಜಾಗ ನೋಡಿ. ಕಲಿಸುವವರು ಯಾರು, ಶೌಚಾಲಯ ಇದೆಯೇ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಇಷ್ಟನ್ನು ಸಂಕೋಚವಿಲ್ಲದೆ ಕೇಳಿ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ, 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದು ಕಾನೂನಿಗೆ ವಿರುದ್ಧ. ದಿನವಿಡೀ ಕಸ ಗುಡಿಸಿ ಚಹಾ ತರುವುದೇ ಆದರೆ ಅದು ಕಲಿಕೆಯಲ್ಲ, ಬಿಟ್ಟಿ ಚಾಕರಿ. ಮೇಷ್ಟ್ರಿಗೆ ಹೇಳಿ ಜಾಗ ಬದಲಿಸಿಕೊಳ್ಳಿ. (ಒಂದೆರಡು ಸಲ ಗುಡಿಸಿದರೆ ಏನೂ ಆಗುವುದಿಲ್ಲ, ಬಿಡಿ.)

ಮಕ್ಕಳೇ, ಕಿಸೆಯಲ್ಲೊಂದು ಚಿಕ್ಕ ನೋಟ್‌ಬುಕ್ ಇರಲಿ. ಗಿರಾಕಿ ಹೇಳಿದ ತೊಂದರೆ ಏನು, ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಸಿಕ್ಕಿದ್ದೇನು, ಬಿಲ್ ಎಷ್ಟಾಯಿತು ಎಂದು ಬರೆದುಕೊಳ್ಳಿ. ಎರಡು ವಾರದಲ್ಲಿ ಯಾವ ಪಠ್ಯದಲ್ಲೂ ಸಿಗದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಪ್ರಶ್ನೆಗಳನ್ನು ಗಿರಾಕಿ ಎದುರಿಗಿದ್ದಾಗ ಕೇಳಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಕೇಳಿ, ಆಗ ಎಂಥ ಸಿಡುಕಿನ ಮೇಸ್ತ್ರಿಯೂ ಮಾತಿಗೆ ಸಿಗುತ್ತಾನೆ. ದುಪಟ್ಟಾ, ಬಿಚ್ಚುಗೂದಲು, ಚಪ್ಪಲಿ ಮಾತ್ರ ಬೇಡವೇ ಬೇಡ.